ಪರದೆಯ ಹೊರಗೊಂದು ಕೈ

ನನಗೆ ಯಾವ ರೋಗವೂ ಇಲ್ಲ. ನಮ್ಮ ಮನೆಯಲ್ಲಿ ಈ ಮಾತನ್ನು ನಂಬುವವಳು ನಾನೊಬ್ಬಳೇ.

ಮನೆ ಎಂದರೆ ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಒಂದು ಬೆಡ್‌ರೂಮು, ಒಂದು ಹಾಲು. ಬೆಡ್‌ರೂಮಿನಲ್ಲಿ ಮಗ ಸೂರಜ, ಸೊಸೆ ಅಕ್ಷರಾ. ಹಾಲಿನಲ್ಲಿ ಸೋಫಾ, ಟಿವಿ, ಫ್ರಿಜ್ಜು ಮತ್ತು ನಾನು. (ನಾಲ್ಕರಲ್ಲಿ ಮೂರು ಸದ್ದು ಮಾಡುತ್ತವೆ. ಸೋಫಾ ಒಂದೇ ಸುಮ್ಮನಿರುತ್ತದೆ.) ನನ್ನ ಹೆಸರು ನಿಂಗವ್ವ. ವಯಸ್ಸು ಐವತ್ತೆಂಟು. ಕಲಿತದ್ದು ನಾಲ್ಕನೇ ಇಯತ್ತೆ. ಊರು ಮುಧೋಳದ ಹತ್ತಿರ. ನಮ್ಮ ಮನೆಯವರು ತೀರಿಕೊಂಡ ಮೂರನೇ ತಿಂಗಳಿಗೆ ಸೂರಜ ನನ್ನನ್ನು ಇಲ್ಲಿಗೆ ಕರೆತಂದ. ನೀನು ಒಂಟಿಯಾಗಿ ಇರಬಾರದು ಅಂದ. ಇಲ್ಲಿ ಬೆಳಿಗ್ಗೆ ಏಳಕ್ಕೆ ಅವನು ಜೆಬೆಲ್ ಅಲಿಗೆ ಕೆಲಸಕ್ಕೆ ಹೋಗುತ್ತಾನೆ. ಎಂಟಕ್ಕೆ ಅವಳು ಆಫೀಸಿಗೆ ಹೋಗುತ್ತಾಳೆ. ಸಂಜೆಯವರೆಗೆ ನಾನು ಒಂಟಿಯಾಗಿ ಇರುವುದಿಲ್ಲ. ಫ್ರಿಜ್ಜು ಇರುತ್ತದೆ.

ಹೀಗೆ ಎಂಟು ತಿಂಗಳು ಕಳೆಯಿತು. ಊರಲ್ಲಿ ಅವರ ವರ್ಷದ ಪೂಜೆಗೆ ಇಪ್ಪತ್ತು ದಿನ ಉಳಿಯಿತು. ನಮ್ಮ ಹೊಲದಲ್ಲಿ ಅವರನ್ನು ಹೂಳಿದ ಗದ್ದಿಗೆ ಇನ್ನೂ ಬರೀ ಮಣ್ಣು. ವರ್ಷ ತುಂಬಿದ ದಿನ ಅದರ ಮೇಲೆ ಕಲ್ಲು ಕೂಡಿಸಬೇಕು, ಎಡೆ ಹಿಡಿಯಬೇಕು. ನಾನು ಹೋಗಲೇಬೇಕು. ಹೋದವಳು ಅಲ್ಲಿಯೇ ಇರಬೇಕು. ಇದು ನನ್ನ ನಿರ್ಧಾರ. ಇದರಲ್ಲಿ ಚರ್ಚೆ ಇಲ್ಲ.

ಚರ್ಚೆ ಇದ್ದದ್ದು ಸೂರಜನಿಗೆ.

ಹಿಂದಿನ ತಿಂಗಳು ನಾನು ಸೂಪರ್ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಮುಂದೆ ಒಬ್ಬ ಗಂಡಸು ನಡೆದು ಹೋದ. ಬಿಳಿ ಅಂಗಿ, ಎಡ ಹೆಗಲು ಸ್ವಲ್ಪ ಕೆಳಗೆ. ನಮ್ಮ ಮನೆಯವರ ನಡಿಗೆಯೇ. ಬದನೆಕಾಯಿಯ ಪಕ್ಕ ಕೂತೆ. ಕೂತದ್ದು ಅಷ್ಟೇ. ಆದರೆ ಈ ದೇಶದಲ್ಲಿ ಹೆಂಗಸು ನೆಲದ ಮೇಲೆ ಕೂತರೆ ಆ್ಯಂಬುಲೆನ್ಸ್ ಬರುತ್ತದೆ. ಆಸ್ಪತ್ರೆಯಲ್ಲಿ ಬಿಳಿ ಕೋಟಿನವರು ಬಂದು ತೋಳಿಗೆ ಪಟ್ಟಿ ಕಟ್ಟಿದರು. ಬಿಪಿ ನೂರಾ ಎಂಬತ್ತು. ಮತ್ತೊಂದು ದಿನ ಹೋದೆವು, ನೂರಾ ಎಪ್ಪತ್ತೆಂಟು. ಏರದೆ ಏನು ಮಾಡೀತು? ಹೋದ ವರ್ಷ ಬಾಗಲಕೋಟೆಯಲ್ಲಿ ಇಂಥದೇ ಒಂದು ಬಿಳಿ ಕೋಟು ಬಾಗಿಲು ತೆರೆದು ಹೊರಗೆ ಬಂದು ನನಗೆ ಒಂದು ಮಾತು ಹೇಳಿತ್ತು. ಅಂದಿನಿಂದ ಬಿಳಿ ಕೋಟು ಕಂಡರೆ ನನ್ನ ರಕ್ತ ಎದ್ದು ನಿಲ್ಲುತ್ತದೆ.

"ಬಿಪಿ ಇಳಿಯೂತನಕ ವಿಮಾನ ಇಲ್ಲ," ಅಂದ ಸೂರಜ. "ನಾ ಒಬ್ಬನ ಹೋಗಿ ಕಲ್ಲ ಕೂಡಿಸಿ ನಾಕ ದಿನದಾಗ ಬರ್ತೀನಿ. ನಿನಗ ವಿಡಿಯೋ ಕಾಲ್‌ನಾಗ ತೋರಸ್ತೀನಿ."

"ಎಡಿನೂ ಫೋನಿನಾಗ ಹಿಡೀಲೇನು? ನಿಮ್ಮಪ್ಪ ಫೋನಿನಾಗ ಉಂಡಾನು?"

"ಮ್ಯಾಲ ಆಕಾಶದಾಗ ಬಿಪಿ ಏರಿದ್ರ ಏನ್ ಮಾಡ್ತಿ ನೀ?"

"ಎಷ್ಟ ಏರೀತು? ವಿಮಾನಕ್ಕಿಂತ ಮ್ಯಾಲ ಹೋದೀತೇನು?"

"ಚ್ಯಾಷ್ಟಿ ಬ್ಯಾಡಬೇ. ಅಪ್ಪಗೂ ಹಿಂಗ ಅಂದ್ರಿ. ಏನೂ ಇಲ್ಲ, ಬರೇ ಎದಿ ಉರಿ ಅಂದ್ರಿ. ನಾ ಬರೂದ್ರಾಗ ಮಣ್ಣ ಮಾಡಿ ಮುಗಿಸಿದ್ರಿ."

ನಾನು ಎದ್ದು ರೊಟ್ಟಿಗೆ ಹಂಚು ಇಟ್ಟೆ.

ದಾರಿ ತೋರಿಸಿದವಳು ಪಕ್ಕದ ಫ್ಲಾಟಿನ ರೊಸಲಿನ್. ಶಿರ್ವದ ಕಡೆಯವಳು, ಹೋಟೆಲ್ಲಿನ ಲಾಂಡ್ರಿಯಲ್ಲಿ ಕೆಲಸ. ಮಂಗಳವಾರ ರಜೆ, ನಮ್ಮಲ್ಲಿ ಚಹಾ.

"ಆಂಟಿ, ನೀವು ಆ ಚೈನೀಸ್ ಡಾಕ್ಟ್ರ ಹತ್ರ ಹೋಗಿ ಮಾರಾಯ್ರೆ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕೂತ್ಕೊಳ್ತಾರೆ. ಮಿಷನ್ ಇಲ್ಲ, ರಕ್ತ ತೆಗಿಲಿಕ್ಕಿಲ್ಲ."

"ಬಿಳಿ ಕೋಟು?"

"ಕೋಟು ಎಂತದ್ದೂ ಇಲ್ಲ. ನೀಲಿ ಸ್ವೆಟರ್. ಕೈಯ ಮೇಲೆ ಮೂರು ಬೆರಳು ಇಡ್ತಾರೆ, ಕಣ್ಣು ಮುಚ್ತಾರೆ. ಆಯ್ತು. ಒಳಗೆ ಏನುಂಟು, ಏನಿಲ್ಲ, ಎಲ್ಲ ಹೇಳ್ತಾರೆ. ನನ್ನ ಗಂಡ ಲಿಯೊನೆಲ್ ಕದ್ದು ಸಿಗರೇಟ್ ಸೇದುದು ನನಗೆ ಗೊತ್ತಾದದ್ದು ಅಲ್ಲಿಯೇ."

"ಪಾಪ."

"ಪಾಪ ಎಂತದ್ದು! ಎರಡು ವರ್ಷ ನನ್ನ ಹತ್ರ ಅದು ಊದುಬತ್ತಿ ವಾಸನೆ ಅಂತ ಹೇಳಿದ್ದು ಅವರು. ನಾನು ಮನೆಯಲ್ಲಿ ಭಕ್ತಿ ಹೆಚ್ಚಾಯ್ತು ಅಂತ ಖುಷಿಯಲ್ಲಿದ್ದೆ." ಬಿಸ್ಕತ್ತು ಅದ್ದಿ ತಿಂದು ಮುಂದುವರಿಸಿದಳು. "ನಾಚಿಕೆ ಮಾಡ್ಬೇಡಿ ಆಂಟಿ. ಲೋಕಲ್ ಹೆಂಗಸರು ಬರ್ತಾರಲ್ಲ, ಅದಕ್ಕೆ ಅಲ್ಲಿ ನಡುವೆ ಪರದೆ ಉಂಟು. ನಿಮ್ಮ ಕೈ ಮಾತ್ರ ಆಚೆ. ಅದರ ಮೇಲೂ ಒಂದು ತೆಳು ಬಟ್ಟೆ ಹಾಕ್ತಾರೆ."

ಸಂಜೆ ಸೂರಜನಿಗೆ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಅವನ ಕಂಪನಿಯ ಮ್ಯಾನೇಜರ್ ಚೀನಾದವನು. ಆ ಮ್ಯಾನೇಜರನ ಪಿತ್ತಕೋಶದ ಕಲ್ಲನ್ನು ಇದೇ ಮುದುಕ ಮೂರು ಬೆರಳಲ್ಲಿ ಹಿಡಿದಿದ್ದನಂತೆ. ಮ್ಯಾನೇಜರ್ ನಂಬಿದ್ದನ್ನು ಸೂರಜ ನಂಬುತ್ತಾನೆ. (ತಾಯಿ ಹೇಳಿದ್ದನ್ನು ನಂಬಲು ಇನ್ನೂ ಪ್ರಮೋಷನ್ ಆಗಬೇಕು.)

"ಆತ ನೀ ಗಟ್ಟಿ ಅದೀ ಅಂದ್ರ ಟಿಕೆಟ್ ಮಾಡ್ತೀನಿ," ಅಂದ. "ಇಲ್ಲಂದ್ರ ನೀ ಇನ್ನೊಮ್ಮೆ ಊರಿನ ಮಾತ ತಗಿಯಂಗಿಲ್ಲ. ಕಬೂಲ?"

"ಕಬೂಲ."

ಶುಕ್ರವಾರಕ್ಕೆ ಹೆಸರು ಬರೆಸಿದ. ನನ್ನ ಕೈ ನಾಡಿ ಅಂದಿನಿಂದಲೇ ಕುದುರೆಯಾಯಿತು.

ಅಕ್ಷರಾಳ ಕೈಯಲ್ಲಿ ಒಂದು ರಬ್ಬರ್ ಪಟ್ಟಿ ಇದೆ. ನಡೆದ ಹೆಜ್ಜೆ, ಎದೆಬಡಿತ ಎಲ್ಲ ಎಣಿಸುತ್ತದೆ. ಅದನ್ನು ನನ್ನ ಕೈಗೆ ಕಟ್ಟಿದಳು. ಎಪ್ಪತ್ತೆಂಟು.

"ಚಲೋ ಐತಲ್ರಿ ಅತ್ತಿ. ಈಗ ನೋಡ್ರಿ. ಡಾಕ್ಟರ್."

ನೂರಾ ಹನ್ನೆರಡು.

"ಕಡಬು."

ಎಂಬತ್ತು.

"ಡಾಕ್ಟರ್."

ನೂರಾ ಹದಿನಾಲ್ಕು.

"ನಿಮ್ಮ ಕೂಡ ಆಗೂದಿಲ್ಲ ಬಿಡ್ರಿ ಅತ್ತಿ," ಎಂದು ಪಟ್ಟಿಯನ್ನು ತನ್ನ ಕೈಗೆ ಕಟ್ಟಿಕೊಂಡಳು. ಎಪ್ಪತ್ತೆರಡು. ನಾನು ಪರೀಕ್ಷೆ ಮಾಡಿದೆ. ಡಾಕ್ಟರ್ ಅಂದೆ, ಎಪ್ಪತ್ತೆರಡು. ಹಾವು ಅಂದೆ, ಎಪ್ಪತ್ತೆರಡು. ನಿನ್ನ ಆಫೀಸಿನ ಬಾಸು ಅಂದೆ, ಎಪ್ಪತ್ನಾಲ್ಕು. "ನಿಮ್ಮತ್ತಿ ಇನ್ನ ಹತ್ತ ವರ್ಷ ಇಲ್ಲೇ ಹಾಲಿನಾಗ ಇರ್ತಾಳಂತ" ಅಂದೆ. ತೊಂಬತ್ತಾರು.

ಇಬ್ಬರೂ ಪಟ್ಟಿಯನ್ನು ನೋಡಿದೆವು. ಅವಳು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಬೇಜಾರಿಲ್ಲ. ನಾನೂ ಸೊಸೆಯಾಗಿದ್ದವಳೇ. ನಾಲ್ಕು ವರ್ಷದ ಹಿಂದೆ ಮದುವೆಯಾದ ಹುಡುಗಿ. ಗಂಡನ ಜೊತೆ ಒಂದು ಸಿನಿಮಾ ನೋಡಬೇಕೆಂದರೆ ನಾನು ನಿದ್ದೆ ಮಾಡುವ ಸೋಫಾದ ಮೇಲೆ, ನನ್ನ ಕಾಲಿನ ಹತ್ತಿರ ಕೂತು ನೋಡಬೇಕು. ನಾನು ಹೋಗುವುದು ನನಗೆಷ್ಟು ಬೇಕೋ ಅವಳಿಗೂ ಅಷ್ಟೇ ಬೇಕಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ. ಪಟ್ಟಿ ಹೇಳಿತು.

ಆಗ ನನ್ನ ತಲೆಯಲ್ಲಿ ಆ ಮಹಾಯೋಜನೆ ಹುಟ್ಟಿತು.

"ಅಕ್ಷರಾ. ಅಲ್ಲಿ ಪರದೆ ಐತಂತ. ಹೊರಗ ಕೈ ಒಂದ ಕಾಣ್ತೈತಂತ."

"ಹೂಂ ರಿ."

"ಕೈಮ್ಯಾಲ ಹೆಸರ ಬರದಿರ್ತೈತೇನು?"

ಅವಳು ನನ್ನನ್ನೇ ನೋಡಿದಳು. ಜಾಣೆ. ಎಂಬಿಎ ಮಾಡಿದವಳು. ನಾಲ್ಕನೇ ಇಯತ್ತೆಯವಳ ಯೋಜನೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು.

"ಅಯ್ಯ ಅತ್ತಿ! ಇದು ಮೋಸ ಅಲ್ಲೇನ್ರಿ?"

"ಯಾರಿಗೆ ಮೋಸ? ನೀ ಗಟ್ಟಿ ಅದೀ. ಆತ ಗಟ್ಟಿ ಅಂತಾನ. ಸುಳ್ಳ ಎಲ್ಲಿ ಬಂತು?"

"ನಿಮ್ಮ ಮಗಗ ಗೊತ್ತಾದ್ರ?"

"ನಾಕ ವರ್ಷ ಆತು. ನಿನ್ನ ಕೈ ಒಂದ ಸಲರ ದಿಟ್ಟಿಸಿ ನೋಡ್ಯಾನೇನು?"

ಸ್ವಲ್ಪ ಯೋಚಿಸಿದಳು. "ಇಲ್ಲ ಬಿಡ್ರಿ," ಅಂದಳು. ಆ ಮಾತಿಗೇ ಅವಳು ಒಪ್ಪಿದ್ದು ಎಂದು ನನಗೆ ಈಗಲೂ ಅನುಮಾನ.

ತಯಾರಿ ನಡೆಯಿತು. ಉಗುರಿನ ಬಣ್ಣ ಅಳಿಸಿದೆವು. ಬೆರಳು ತೀರ ನುಣುಪು. ಅದಕ್ಕೆ ಗುರುವಾರ ಜೋಳದ ಹಿಟ್ಟು ನಾದಿಸಿದೆ. ಆ ಮನೆಯಲ್ಲಿ ಅವಳು ಹಿಟ್ಟಿಗೆ ಕೈ ಹಾಕಿದ್ದು ಅದೇ ಮೊದಲು. (ರೊಟ್ಟಿ ಭೂಪಟದ ಹಾಗೆ ಬಂತು. ಸೂರಜ ಒಂದರಲ್ಲಿ ಓಮಾನ್ ಗುರುತಿಸಿದ.) ಪಾತ್ರೆಯನ್ನೂ ಬರಿಗೈಯಲ್ಲಿ ತಿಕ್ಕಿಸಿದೆ. ರಾತ್ರಿ ಹೊತ್ತಿಗೆ ಕೈ ಒಂದು ಹತ್ತು ವರ್ಷ ಮುಂದೆ ಹೋಗಿತ್ತು. ಉಳಿದದ್ದನ್ನು ನನ್ನ ಉದ್ದ ತೋಳಿನ ಸ್ವೆಟರ್ ಮುಚ್ಚುತ್ತದೆ ಅಂದೆ.

ಉಳಿದದ್ದು ಬಳೆ.

ಅವಳ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ ಇದ್ದವು, ಎರಡೆರಡು. ನಾನೇ ಬರ್ ದುಬೈಯಲ್ಲಿ ಕೊಡಿಸಿದ್ದು. ನನ್ನ ಕೈಯ ಬಳೆ ಹೋದ ಮೇಲೆ ಅವಳ ಬರಿಗೈ ನೋಡಲು ನನಗೆ ಆಗುತ್ತಿರಲಿಲ್ಲ. ಆಫೀಸಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಗೊಣಗಿದರೂ ಹಾಕಿಕೊಂಡಿದ್ದಳು. ಶುಕ್ರವಾರ ಮುಂಜಾನೆ ಅವಳು ಅವನ್ನು ಕಳಚಲು ಹೋದಳು.

"ಮುಟ್ಟಬ್ಯಾಡ!" ಎಂದು ಚೀರಿದೆ.

"ಅತ್ತಿ, ನಿಮ್ಮ ಕೈಯಾಗ ಬಳಿ ಇಲ್ರಿ. ಇದರಾಗ ನನ್ನ ಕೈ ಅಂತ ಗೊತ್ತಾಗ್ತೈತಿ. ಹತ್ತ ಮಿನಿಟ್ ತಗದ್ರ ಏನ್ ಆಗ್ತೈತ್ರಿ?"

"ಏನ ಆಗ್ತೈತಿ ಅಂತ ನನ್ನ ಕೇಳಬ್ಯಾಡ. ಗಂಡ ಇದ್ದಾಕಿ ಕೈ ಖಾಲಿ ಮಾಡಬಾರ್ದು. ಟಿಕೆಟ್ ಹ್ವಾದ್ರ ಹೋಗ್ಲಿ."

ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಕೊತ್ತಂಬರಿ ಕಟ್ಟಿಗೆ ಬರುವ ರಬ್ಬರ್ ಬ್ಯಾಂಡು ಸುತ್ತಿದೆ. ಮೇಲೆ ಸ್ವೆಟರ್ ಎಳೆದೆ. ಕೈ ಅಲ್ಲಾಡಿಸು ಅಂದೆ. ಅಲ್ಲಾಡಿಸಿದಳು. ಸದ್ದಿಲ್ಲ. ಅಷ್ಟಕ್ಕೆ ನಾನು ಗೆದ್ದೆ ಎಂದುಕೊಂಡೆ.

ದವಾಖಾನೆ ಎರಡು ಕೋಣೆಯದು. ಒಣಗಿದ ಬೇರು, ತೊಗಟೆಗಳ ವಾಸನೆ. ಗಂಡಸರು ಡಾಕ್ಟರ ಕಡೆ ಕೂರಬೇಕು, ಹೆಂಗಸರು ಪರದೆಯ ಒಳಗೆ. ಪರದೆ ದಪ್ಪ ಬಟ್ಟೆಯದು. ನಡುವೆ ಒಂದು ಸೀಳು. ಅದರ ಹೊರಗೆ ಮೇಜು, ಮೇಜಿನ ಮೇಲೆ ಕೈ ಇಡಲು ಸಣ್ಣ ದಿಂಬು. ಸೀಳಿನ ಸಂದಿಯಿಂದ ಇಣುಕಿದೆ. ಮುದುಕ ತೆಳ್ಳಗಿದ್ದ. ನೀಲಿ ಸ್ವೆಟರ್. ಪಕ್ಕದಲ್ಲಿ ಬರೆದುಕೊಳ್ಳಲು ಒಂದು ಚೀನೀ ಹುಡುಗಿ. ಅವಳು ಅಂಗಡಿಯಲ್ಲಿ ಕಲಿತ ಹಿಂದಿ ಮಾತಾಡುತ್ತಿದ್ದಳು. ಸೂರಜ ಅವಳ ಎದುರು ಕುರ್ಚಿಯಲ್ಲಿ ಫೋನು ನೋಡುತ್ತ ಕೂತಿದ್ದ.

"ಅಮ್ಮಾ, ಹಾತ್ ದೋ," ಅಂದಳು ಹುಡುಗಿ.

ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನಾನು ಕೆಮ್ಮಿದೆ, ಅಕ್ಷರಾ ಕೈ ಹೊರಗಿಟ್ಟಳು. ಕೆಮ್ಮು ನನ್ನದು, ಕೈ ಅವಳದು. ಏರ್ಪಾಡು ಹಾಗಿತ್ತು.

ಹುಡುಗಿ ಮಣಿಕಟ್ಟಿನ ಮೇಲೆ ತೆಳು ಬಟ್ಟೆ ಹಾಸಿದಳು. ಮುದುಕ ಮೂರು ಬೆರಳು ಇಟ್ಟು ಕಣ್ಣು ಮುಚ್ಚಿದ. ಸಂದಿಯಿಂದ ನನಗೆ ಕಾಣುತ್ತಿತ್ತು. ಒಮ್ಮೆ ಮೆಲ್ಲಗೆ, ಒಮ್ಮೆ ಒತ್ತಿ, ಒಂದು ಬೆರಳು ಎತ್ತಿ, ಒಂದು ಇಳಿಸಿ, ಹಾರ್ಮೋನಿಯಂ ಬಾರಿಸುವವರ ಹಾಗೆ. ಒಂದು ಚಹಾ ಕುದಿಯುವಷ್ಟು ಹೊತ್ತು ಹಿಡಿದ. ಏನೋ ಅಂದ.

"ದಿಲ್ ಅಚ್ಛಾ," ಅಂದಳು ಹುಡುಗಿ. "ಖೂನ್ ಅಚ್ಛಾ. ಬಹುತ್ ತಾಕತ್."

"ರಿಯಲಿ?" ಅಂದ ಸೂರಜ. ಫೋನು ಕೆಳಗಿಟ್ಟ. "ಬಿಪಿ?"

"ಬಿಪಿ ನಹೀಂ."

ನಾನು ಒಳಗೆ ಅಕ್ಷರಾಳ ಬೆನ್ನು ತಟ್ಟಿದೆ. ಟಿಕೆಟ್ ನನ್ನ ಕಣ್ಣ ಮುಂದೆ ಬಂತು. ಎಡಗೈ ಮುಗಿಯಿತು, ಬಲಗೈ ಕೇಳಿದರು. ಕೆಮ್ಮಿದೆ. ಕೊಟ್ಟಳು.

ಮುದುಕ ಹಿಡಿದ. ಬೆರಳು ನಿಂತವು. ಕಣ್ಣು ತೆರೆದ. ಮತ್ತೆ ಮುಚ್ಚಿದ. ಮತ್ತೆ ಎಡಗೈ ಕೇಳಿದ. ಮತ್ತೆ ಬಲಗೈ.

"ಅಮ್ಮಾ ಕಾ ಉಮರ್ ಕಿತನಾ?"

"ಫಿಫ್ಟಿ ಎಯ್ಟ್," ಅಂದ ಸೂರಜ.

ಅವರಿಬ್ಬರೂ ಚೀನೀ ಭಾಷೆಯಲ್ಲಿ ಮಾತಾಡಿದರು. ಮುದುಕ ತಲೆ ಅಲ್ಲಾಡಿಸಿದ. ಹುಡುಗಿಯ ದನಿ ಸಣ್ಣದಾಯಿತು.

"ಅಮ್ಮಾ ಕಾ ಹಸ್ಬೆಂಡ್ ಕಿಧರ್?"

"ಹಿ ಈಸ್ ನೋ ಮೋರ್. ಹನ್ನೊಂದ ತಿಂಗಳ... ಇಲೆವೆನ್ ಮಂತ್ಸ್."

ಹುಡುಗಿ ಅದನ್ನು ಮುದುಕನಿಗೆ ಹೇಳಿದಳು. ಇಬ್ಬರೂ ನೆಲ ನೋಡಿದರು. ಏನೋ ದೊಡ್ಡ ರೋಗ ಸಿಕ್ಕಿದೆ ಎಂದುಕೊಂಡೆ. ಅಯ್ಯೋ ಈ ಹುಡುಗಿಗೆ ಏನಾಗಿದೆಯೋ, ನನ್ನ ಹಟಕ್ಕೆ ಇದು ಗೊತ್ತಾಯಿತೋ ಎಂದು ಅವಳ ಇನ್ನೊಂದು ಕೈ ಹಿಡಿದೆ. ನಾನು ಒಮ್ಮೆ ಇಂಥ ಬಾಗಿಲ ಮುಂದೆ ನಿಂತವಳು.

ಕೊನೆಗೆ ಹುಡುಗಿ ಬಾಯಿ ಬಿಟ್ಟಳು. "ಪ್ಲೇಟ್ ಮೇ ಮೋತಿ ಘೂಮ್ತಾ, ಐಸಾ ನಾಡಿ." ತಟ್ಟೆಯಲ್ಲಿ ಮುತ್ತು ಉರುಳಿದ ಹಾಗೆ ನಾಡಿ ಇದೆ ಅಂದಳು. ಆಮೇಲೆ ಸೂರಜನ ಮುಖ ನೋಡದೆ ಹೇಳಿದಳು. "ಅಮ್ಮಾ ಕೋ ಬೇಬಿ. ದೋ ಮಹೀನಾ."

"ಅವ್ವಾ...?" ಅಂದ ಸೂರಜ.

ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಲಕ್ಷ ಸಲ ಅವ್ವಾ ಎಂದಿದ್ದಾನೆ. ಹೀಗೆ ಎಂದಿರಲಿಲ್ಲ. ನನಗೆ ಕೆಮ್ಮು ಬರಲಿಲ್ಲ. ಐವತ್ತೆಂಟು ವರ್ಷ ತಲೆ ಮೇಲೆ ಸೆರಗು ಹೊದ್ದು ಬದುಕಿದ ನಿಂಗವ್ವ, ಗಂಡ ಹೋದ ಹನ್ನೊಂದನೇ ತಿಂಗಳಲ್ಲಿ, ಚೀನಾದ ಸಾಕ್ಷಿ ಸಮೇತ, ಎರಡು ತಿಂಗಳ ಬಸುರಿ! ಭೂಮಿ ಬಾಯಿ ಬಿಡಲಿ ಅಂದುಕೊಂಡೆ. ದುಬೈಯ ಭೂಮಿ, ಕೆಳಗೆ ಪಾರ್ಕಿಂಗು. ಬಿಡಲಿಲ್ಲ.

ಅಕ್ಷರಾಳಿಗೆ ಅರ್ಥವಾಗಲು ಈ ಸಲ ಅರ್ಧ ನಿಮಿಷ ಬೇಕಾಗಲಿಲ್ಲ. ಬೆಚ್ಚಿ ಕೈ ಕೊಡವಿದಳು. ರಬ್ಬರ್ ಬ್ಯಾಂಡು ಹರಿಯಿತು. ಎರಡು ಹಸಿರು ಬಳೆ ಸ್ವೆಟರಿನ ತೋಳಿನೊಳಗಿಂದ ಜಾರಿ, ಗಲ್ಲೆಂದು ಬಂದು ಮುದುಕನ ಬೆರಳಿಗೆ ತಾಗಿ ನಿಂತವು.

ಸೂರಜ ಬಳೆ ನೋಡಿದ. ಬಹಳ ಹೊತ್ತು ನೋಡಿದ.

"ಅಕ್ಷರಾ?"

ಅದೂ ಬೇರೆಯೇ ದನಿ. ಆ ದನಿಯನ್ನು ನಾನು ವರ್ಣಿಸುವುದಿಲ್ಲ. ಅದು ಅವರಿಬ್ಬರದು.

ಪರದೆ ಸರಿಸಿದರು. ಒಂದೇ ಬೆಂಚಿನ ಮೇಲೆ ಅತ್ತೆ, ಸೊಸೆ, ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು, ಗೋದಾಮಿನಲ್ಲಿ ಸಿಕ್ಕ ಇಲಿಗಳ ಹಾಗೆ. ಮುದುಕ ನಮ್ಮನ್ನು ನೋಡಿದ, ಬಳೆ ನೋಡಿದ, ತಾಳಿ ಇಲ್ಲದ ನನ್ನ ಕೊರಳು ನೋಡಿದ. ಸದ್ದಿಲ್ಲದೆ ನಕ್ಕ. ಹೆಗಲು ಮಾತ್ರ ಕುಣಿಯುತ್ತಿತ್ತು. ಹುಡುಗಿ ಮುಖಕ್ಕೆ ಕಡತ ಹಿಡಿದುಕೊಂಡಳು.

"ಯವ್ವಾ, ಏನಬೇ ಇದು?" ಅಂದ ಸೂರಜ. ಬೈಯಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಮಾಡುತ್ತಿದ್ದ.

"ನನ್ನ ಏನ ಕೇಳ್ತಿ? ಹೆಂಡ್ತಿನ್ನ ಕೇಳು."

"ಅತ್ತಿನ ಹೇಳಿದ್ರು ರಿ," ಎಂದು ಅವಳು ಕೂಡಲೇ ಪಕ್ಷ ಬದಲಿಸಿದಳು. (ಬಸುರಾದ ಎರಡೇ ನಿಮಿಷಕ್ಕೆ.)

ಮುದುಕ ನನ್ನ ಮುಂದೆ ಅಂಗೈ ಚಾಚಿದ. ನಿನ್ನದು ಕೊಡು ಅಂತ. ಬಟ್ಟೆ ಹಾಸಲಿಲ್ಲ. ಕೊಟ್ಟೆ. ನಾಡಿ ಓಡಿತು. ಅವನು ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಹಿಡಿದೇ ಕೂತ. ನಮ್ಮ ಮನೆಯವರು ನನ್ನ ಕೈ ಹಿಡಿದದ್ದು ಮದುವೆಯಲ್ಲಿ ಒಂದು ಸಲ, ಬಾಗಲಕೋಟೆಯಲ್ಲಿ ಕೊನೆಗೆ ಒಂದು ಸಲ. ಆಮೇಲೆ ಯಾರೂ ಹಿಡಿದಿರಲಿಲ್ಲ. ನಾಡಿ ಓಡಿತು, ಓಡಿತು, ಸುಸ್ತಾಗಿ ನಡೆಯಿತು. ಬಲಗೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಇದ್ದ. ಆಮೇಲೆ ಹುಡುಗಿಗೆ ಹೇಳಿದ, ಹುಡುಗಿ ಸೂರಜನಿಗೆ ಹೇಳಿದಳು. ರೋಗ ಇಲ್ಲ. ಅಳು ಒಳಗೇ ಇದೆ. ಇಲ್ಲಿ ಅಳಲು ಜಾಗ ಇಲ್ಲ. ಎಲ್ಲಿ ಅಳು ಬರುತ್ತದೋ ಅಲ್ಲಿಗೆ ಕಳಿಸಿ.

ಅಂದರೆ ಮೊದಲೇ ನನ್ನ ಕೈ ಕೊಟ್ಟಿದ್ದರೂ ಪಾಸಾಗುತ್ತಿದ್ದೆ.

ದಾರಿಯಲ್ಲಿ ಫಾರ್ಮಸಿಯಿಂದ ತಂದ ಬಸಿರು ನೋಡುವ ಕಡ್ಡಿಯೂ ಮುದುಕನ ಮಾತನ್ನೇ ಹೇಳಿತು. ಮನೆಯಲ್ಲಿ ಹಬ್ಬ. ರೊಸಲಿನ್ ಕೇಕು ತಂದಳು. ಲಿಯೊನೆಲ್ ಬಾಗಿಲಲ್ಲೇ ನಿಂತು, "ಆ ಡಾಕ್ಟ್ರು ಯಾರ ಮರ್ಯಾದಿಯನ್ನೂ ಉಳಿಸುದಿಲ್ಲ ಆಂಟಿ," ಎಂದು ಸಮಾಧಾನ ಹೇಳಿದ. ಸೂರಜ ನನಗೆ ಟಿಕೆಟ್ ನೋಡತೊಡಗಿದ. ನಾನು ಖುಷಿಯಲ್ಲಿ ಊರಿಗೆ ಫೋನು ಹಚ್ಚಿ, ನಮ್ಮ ಮನೆಯವರ ಅಣ್ಣ ಬಸಲಿಂಗಪ್ಪ ಭಾವನಿಗೆ ಎಲ್ಲಕ್ಕಿಂತ ಮೊದಲು ಸೊಸೆಯ ಸುದ್ದಿ ಹೇಳಿದೆ. ಅದೇ ತಪ್ಪಾಯಿತು.

"ಭಾಳ ಚಲೋ ಆತು," ಅಂದರು ಭಾವ. "ಹಂಗಾರ ಕಲ್ಲ ಈಗ ಬ್ಯಾಡ. ಹೆಂಡ್ತಿ ಬಸರ ಇದ್ದಾಗ ಗಂಡ ಗದ್ದಿಗಿ ಕಲ್ಲ ಕೂಡಸಬಾರ್ದು. ಹೆರಿಗಿ ಆಗ್ಲಿ, ಮುಂದಿನ ವರ್ಷ ನೋಡೂನು."

ನನ್ನ ಕೈಯಲ್ಲಿದ್ದ ಕೇಕು ಕೈಯಲ್ಲೇ ಉಳಿಯಿತು. ಪರದೆ ಆಚೆ ಆ ಕೈ ಇಡದಿದ್ದರೆ ಪೂಜೆ ಮುಗಿಯುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಲ್ಲು ಕೂತು ಬಿಡುತ್ತಿತ್ತು. ನಾನೇ ಟಿಕೆಟ್ ಗೆದ್ದು, ನಾನೇ ಪೂಜೆ ಕಳೆದುಕೊಂಡಿದ್ದೆ.

"ಇನ್ನೊಂದ ವರ್ಷ ಅವ್ರು ಮಣ್ಣಾಗ ಇರಬೇಕೇನ್ರಿ?"

"ಪದ್ಧತಿ ಐತವಾ. ನಾ ಮಾಡಿದ್ದಲ್ಲ."

"ಸೂರಜ ಬ್ಯಾಡ. ನಾ ಕೂಡಸ್ತೀನಿ."

ಆ ಕಡೆ ಎಲೆ ಅಡಿಕೆ ಉಗುಳುವ ಸದ್ದು ಕೇಳಿತು. "ಹೆಣ್ಣಾಳ ಕಲ್ಲ ಕೂಡಸೂದು ಎಲ್ಲಿ ಐತಿ?"

"ನಮ್ಮ ಹೊಲದಾಗ ಐತಿ."

"ಮಂದಿ ಏನಂತಾರ?"

"ಮೂವತ್ತೆಂಟ ವರ್ಷ ಅವ್ರ ರೊಟ್ಟಿ ಬಡದೀನಿ. ಆಗ ಮಂದಿ ಬಂದು ಒಂದ ರೊಟ್ಟಿ ಬಡದಾರೇನ್ರಿ? ಕಲ್ಲ ಕಡದು ಇಡ್ರಿ. ನಾ ಬರ್ತೀನಿ."

ಫೋನಿಟ್ಟೆ. ಸೂರಜ, ಅಕ್ಷರಾ ಇಬ್ಬರೂ ನನ್ನನ್ನು ನೋಡುತ್ತಿದ್ದರು. ಬಿಪಿ ನೋಡಬೇಕೇನು ಎಂದು ಯಾರೂ ಕೇಳಲಿಲ್ಲ.

ಹೋದೆ. ಕಲ್ಲು ಭಾರ ಇತ್ತು. ನಾಲ್ಕು ಜನ ಹೊತ್ತು ತಂದರು, ಕೂಡಿಸಿದ್ದು ನಾನು. ಭಾವ ಹತ್ತು ಮಾರು ದೂರ ನಿಂತು, ಎಡಕ್ಕ ಸರಸು, ಬಲಕ್ಕ ಸರಸು ಎಂದು ಹೇಳುತ್ತಿದ್ದರು. ಹೋಳಿಗೆ, ಶೇಂಗಾ ಹಿಂಡಿ, ಬದನೆಕಾಯಿ ಎಣಗಾಯಿ ಎಡೆ ಹಿಡಿದೆ. ಎಲ್ಲರೂ ಉಂಡು ಹೋದ ಮೇಲೆ ಒಬ್ಬಳೇ ಕೂತೆ. ಬಂದಷ್ಟು ಅತ್ತೆ. ಸಾಕಾಯಿತು. ಎದ್ದು ಪಾತ್ರೆ ತೊಳೆದೆ.

ಅಲ್ಲಿಯೇ ಇರಬೇಕು ಎಂಬ ನಿರ್ಧಾರ ಹಾಗೇ ಇತ್ತು. ಹನ್ನೊಂದನೇ ದಿನ ಅಕ್ಷರಾಳ ಫೋನು ಬಂತು.

"ಅತ್ತಿ, ಏನ್ ತಿಂದ್ರೂ ವಾಂತಿ ಆಗಾಕತ್ತೈತ್ರಿ. ನಿಮ್ಮ ಕೈ ರೊಟ್ಟಿ, ಪುಂಡಿಪಲ್ಲೆ ಬೇಕನಸಾಕತ್ತೈತಿ. ಯಾವಾಗ ಬರ್ತೀರಿ?"

"ನಾ ಬರೂದಿಲ್ಲಂತ ಹೇಳಿ ಬಂದೀನಲ್ಲ."

ಆ ಕಡೆ ಮೂಗು ಸೊರ್ ಅಂತು. "ನಾ ಹಾಲಿನಾಗ ಮಲಗ್ತೀನ್ರಿ. ನೀವು ಬೆಡ್‌ರೂಮಿನಾಗ ಮಲಗ್ರಿ. ಬರ್ರಿ."

ಹದಿಮೂರನೇ ದಿನ ದುಬೈಯಲ್ಲಿದ್ದೆ. ಬ್ಯಾಗಿನಲ್ಲಿ ಐದು ಸೇರು ಜೋಳದ ಹಿಟ್ಟು, ಪುಂಡಿಸೊಪ್ಪು, ಹುಣಸೆಹಣ್ಣು. ಅವಳಿಗೆ ದಿನಕ್ಕೆ ಮೂರು ಹೊತ್ತು ಅಡುಗೆ ಮಾಡಿದೆ. ಕಾಲು ಒತ್ತಿದೆ. ಇನ್ನು ಹೆರಿಗೆ, ಬಾಣಂತನ ಎಲ್ಲ ನನ್ನದೇ ಎಂದು ಸೊಂಟ ಕಟ್ಟಿದೆ. ಮೊಮ್ಮಗುವನ್ನು ಮೊದಲು ಎತ್ತಿಕೊಳ್ಳುವವಳು ನಾನೇ ಎಂದು ರೊಸಲಿನ್‌ಗೆ ಹೇಳಿಯೂ ಆಗಿತ್ತು.

ಏಳನೇ ತಿಂಗಳಲ್ಲಿ ಗೋಕಾಕಿನಿಂದ ಬೀಗತಿ ಫೋನು ಮಾಡಿದರು. "ಚೊಚ್ಚಲ ಹೆರಿಗಿ ತವರಮನಿದು ನೋಡ್ರಿ. ಮಗಳನ್ನ ಕಳಿಸಿಕೊಡ್ರಿ. ಪದ್ಧತಿ."

ಪದ್ಧತಿ ಎಂದರೆ ಏನು ಹೇಳಲಿ? ಹಾಗಾದರೆ ನಾನೂ ಅವಳ ಜೊತೆ ಊರಿಗೆ ಹೋಗುತ್ತೇನೆ ಅಂದೆ. ಸೂರಜ ಪ್ರಪಂಚದಲ್ಲಿ ಯಾರೂ ಕೇಳಿರದ ಪ್ರಶ್ನೆ ಕೇಳಿದ. "ನೀನೂ ಹ್ವಾದ್ರ ನನ್ನ ಊಟ?"

ಅಕ್ಷರಾ ಹೋದಳು. ಜೊತೆಗೆ ನಾನು ಹುರಿದು ಕಟ್ಟಿಕೊಟ್ಟ ಅಂಟಿನ ಉಂಡೆಯೂ ಹೋಯಿತು.

ಹೆರಿಗೆ ಇನ್ನೂ ಆಗಿಲ್ಲ. ಮೊನ್ನೆ ಅವಳ ಫೋನು ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಸ್ಪೀಕರಿಗೆ ಹಾಕಿದೆ.

"ಅತ್ತಿ, ಇವತ್ತ ಅಪ್ಪನ ಕೂಡ ನಿಮ್ಮ ಊರಿಗೆ ಹೋಗಿದ್ದೆ ರಿ. ಮಾವನ ಗದ್ದಿಗಿಗೆ ಕಾಯಿ ಒಡಸಿದೆ. ಆಮ್ಯಾಲ ನಿಮ್ಮ ಮನಿ ಕಟ್ಟಿಮ್ಯಾಲ ಕುಂತು ಚಾ ಕುಡದೆ. ಏನ್ ಗಾಳಿ ರಿ! ಏಳಬೇಕು ಅನಸಲಿಲ್ಲ. ನೀವ್ಯಾಕ ಇದನ್ನ ಬಿಟ್ಟು ಅಲ್ಲಿರ್ತೀರಿ ಅಂತೀನಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ ಸೂರಜ ಅಲ್ಲಿಂದಲೇ ಕೂಗಿದ.

"ಅವ್ವಾ, ಆಕಿಗೆ ಹೇಳಬೇ, ಅವಸರ ಮಾಡಬ್ಯಾಡ ಅಂತ. ಕೂಸಿಗೆ ವರ್ಷ ತುಂಬೂತನಕ ಆರಾಮ ಅಲ್ಲೇ ಇರ್ಲಿ. ಇಲ್ಲಿ ನೀ ಇದ್ದೀಯಲ್ಲ!"

ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು. ಅದನ್ನು ಬಿಸಾಡಲಿಲ್ಲ. ಅವನ ತಟ್ಟೆಗೇ ಹಾಕಿದೆ.